ಸಣ್ಣ ಊರಿನ ಭೂವಿನಿಯೋಗಕ್ಕೆ ಗುರಿಗಳು: ವೈಟ್‌ಫೀಲ್ಡ್ ಸೀಮೆಯಿಂದ ಕಲಿಯತಕ್ಕ ಪಾಠ

ಬೆಂಗಳೂರಿನ ಹೊರವಲಯದ ಗ್ರಾಮಗಳ ಮುಖಂಡರಿಗೂ ಹಿಡುವಳಿದಾರರಿಗೂ ಈಗ ಒದಗಿರುವ ಪ್ರಶ್ನೆಯು ಯಾವ ಬೀಜವನ್ನು ಬಿತ್ತಬೇಕು, ಎಷ್ಟು ಗೊಬ್ಬರವನ್ನು ಹಾಕಬೇಕು ಎಂಬಷ್ಟರಲ್ಲಿಯೇ ಮುಗಿಯುವುದಿಲ್ಲ. ಬಿತ್ತುವುದಕ್ಕೆ ಯಾವ ನೆಲವನ್ನು ಉಳಿಸಿಕೊಳ್ಳಬೇಕು, ಮನೆಗಳಿಗೆ ಯಾವ ನೆಲವನ್ನು ಬಿಡಬೇಕು ಎಂಬುದನ್ನೂ ಅವರು ನಿರ್ಧರಿಸಬೇಕಾಗಿದೆ. ಸರ್ಜಾಪುರ, ಆನೇಕಲ್ಲು, ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಈ ಕಡೆಗಳಲ್ಲಿ ರಾಗಿಯ ಹೊಲದ ಬದುವಿನ ಮೇಲೆ ನಿವೇಶನದ ಕಲ್ಲುಗಳು ನಿಲ್ಲುತ್ತಿರುವುದನ್ನು ವಾಚಕರು ದಿನವೂ ಕಾಣುತ್ತಿದ್ದಾರೆ. ಒಮ್ಮೆ ಮನೆ ಎದ್ದ ನೆಲವು ತಿರುಗಿ ಹೊಲವಾದುದನ್ನು ಕಂಡವರಿಲ್ಲ. ಆದುದರಿಂದ ನಿರ್ಧಾರವು ಮೊದಲನೆಯ ಕ್ರಯಪತ್ರಕ್ಕಿಂತ ಮುಂಚೆಯೇ ಆಗತಕ್ಕದ್ದು.

ಒಂದು ಊರಿನ ಎಲ್ಲೆಯೊಳಗೆ ಯಾವ ಭಾಗವು ನೀರಿಗೆ, ಯಾವುದು ಬೇಸಾಯಕ್ಕೆ, ಯಾವುದು ದನಕರುಗಳಿಗೆ, ಯಾವುದು ವಾಸಕ್ಕೆ, ಯಾವುದು ಕೆಲಸಕಾರ್ಖಾನೆಗಳಿಗೆ ಎಂದು ಮೊದಲೇ ಗೊತ್ತುಮಾಡಿ, ಅದನ್ನು ನಕಾಶೆಯಲ್ಲಿ ಕಾಣಿಸುವುದಕ್ಕೆ ಭೂವಿನಿಯೋಗ ಯೋಜನೆಯೆಂದು ಹೆಸರು. ಹೆಸರು ಹೊಸದಾದರೂ ಕೆಲಸವು ನಮ್ಮ ಹಿರಿಯರು ಅರಿತಿದ್ದುದೇ ಆಗಿದೆ. ಈ ಲೇಖನದಲ್ಲಿ ವೈಟ್‌ಫೀಲ್ಡ್ ಸೀಮೆಯ ವೃತ್ತಾಂತವನ್ನು ನಿದರ್ಶನವಾಗಿಟ್ಟುಕೊಂಡು, ಸಣ್ಣ ಊರೊಂದು ತನಗೆ ತಾನೇ ಹಾಕಿಕೊಳ್ಳಬಹುದಾದ ಗುರಿಗಳನ್ನು ವಿವರಿಸಲಾಗಿದೆ.

ಪೂರ್ವವೃತ್ತಾಂತ

ವೈಟ್‌ಫೀಲ್ಡಿಗೆ ಪಶ್ಚಿಮದಲ್ಲಿರುವ ವಿಭೂತಿಪುರದ ಶಾಸನವೊಂದು ಕ್ರಿಸ್ತಶಕ 1307ರದು. ಕಾಡನ್ನು ಕಡಿದು, ನೆಲವನ್ನು ಸಮಮಾಡಿ, ಊರನ್ನು ಕಟ್ಟಿ, ಕೆರೆಯನ್ನು ನಿರ್ಮಿಸಿದ ಸಂಗತಿಯನ್ನು ಅದು ಹೇಳುತ್ತದೆ. ಊರು ಕಟ್ಟುವುದೂ ಕೆರೆ ಕಟ್ಟುವುದೂ ಅವರ ದೃಷ್ಟಿಯಲ್ಲಿ ಒಂದೇ ಕೆಲಸದ ಎರಡು ಭಾಗಗಳಾಗಿದ್ದವು. ನದಿಯಿಲ್ಲದ ಈ ದಿಣ್ಣೆಯ ಸೀಮೆಯಲ್ಲಿ ಅದು ಅಗತ್ಯವೂ ಆಗಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ದಿಣ್ಣೆ. ಬಿದ್ದ ಮಳೆಯು ನಿಲ್ಲದೆ ನಾಲ್ಕು ದಿಕ್ಕಿಗೂ ಇಳಿದು ಹೋಗುವುದು. ಹಾಗೆ ಇಳಿಯುವ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ತಡೆದು, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಸೇರುವಂತೆ ಹಿರಿಯರು ಕಟ್ಟಿದರು. ಅಗರದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ ಸೇರುವುದು ಈ ಏರ್ಪಾಡಿನಂತೆಯೇ. ಕೆರೆಯ ಕೆಳಗೆ ಗದ್ದೆ ಮತ್ತು ತೋಟ, ಮೇಲೆ ಖುಷ್ಕಿ ಹೊಲ, ಅದರಾಚೆ ಗೋಮಾಳ ಮತ್ತು ಗುಂಡುತೋಪು, ಗಟ್ಟಿ ನೆಲದ ಮೇಲೆ ಗ್ರಾಮಠಾಣ: ಇದೇ ನಮ್ಮ ಸೀಮೆಯ ಪುರಾತನ ಭೂವಿನಿಯೋಗ ಯೋಜನೆ.

ಇದೇ ನೆಲದಲ್ಲಿ ಎರಡನೆಯ ಬಾರಿ ಊರೊಂದು ಯೋಜನೆಯ ಪ್ರಕಾರ ಹುಟ್ಟಿದ್ದು 1882ರಲ್ಲಿ. ಆ ವರ್ಷ ಮಹಾರಾಜ ಚಾಮರಾಜ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ನೆಲವನ್ನು ವ್ಯವಸಾಯದ ನೆಲೆಗಳ ಸ್ಥಾಪನೆಗಾಗಿ ದಯಪಾಲಿಸಿದರು. ಸಂಘದ ಮುಖ್ಯಸ್ಥರಾದ ಡೇವಿಡ್ ಎಮಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬವರ ಹೆಸರಿನಿಂದ ವೈಟ್‌ಫೀಲ್ಡ್ ಎಂಬ ಊರು ಬಂದಿತು. ಸಾಸ್ಮಂಡ್ ಎಂಬುದು ಮತ್ತೊಂದು ನೆಲೆ. ವೈಟ್‌ಫೀಲ್ಡಿನ ನಡುವೆ ಗುಂಡಗಿನ ಮೈದಾನ, ಅದರ ಸುತ್ತ ಬಳಸಿದ ರಸ್ತೆ, ಅಲ್ಲಿಂದ ಗಾಡಿಯ ಚಕ್ರದ ಅರಗಳಂತೆ ಹೊರಡುವ ದಾರಿಗಳು, ದಾರಿಗಳ ಬದಿಯಲ್ಲಿ ತೋಟಸಹಿತವಾದ ಮನೆಗಳು, ಊರಿನ ಸುತ್ತಲೂ ಬೇಸಾಯದ ಜಮೀನುಗಳು ಎಂದು ವಿಂಗಡಣೆಯಾಗಿತ್ತು. ನಡುವಿನ ವೃತ್ತಕ್ಕೆ ಇಂದಿಗೂ ಇನ್ನರ್ ಸರ್ಕಲ್ ಎಂದೇ ಹೆಸರು. 1907ರ ವೇಳೆಗೆ ಈ ನೆಲೆಯ ವಿಸ್ತೀರ್ಣವು 542 ಎಕರೆ. ನಿವಾಸಿಗಳು 130 ಮಂದಿ. ಅವರಲ್ಲಿ 45 ಮಂದಿ ಊರಿನ ನಿವೇಶನದಲ್ಲಿಯೂ ಉಳಿದವರು ಸುತ್ತಣ ಜಮೀನುಗಳಲ್ಲಿಯೂ ವಾಸವಾಗಿದ್ದರು.

ಇಲ್ಲಿ ಒಂದು ಅಂಶವು ಗಮನಾರ್ಹವಾಗಿದೆ. ಇಂಗ್ಲೆಂಡಿನ ಎಬೆನೆಜರ್ ಹೋವರ್ಡ್ ಎಂಬವರು ತೋಟನಗರದ ಕಲ್ಪನೆಯನ್ನು ಪ್ರಕಟಿಸಿದ್ದು 1898ರಲ್ಲಿ. ಅವರ ನಕಾಶೆಯಲ್ಲಿ 6,000 ಎಕರೆಗೆ 1,000 ಎಕರೆ ಮಾತ್ರವೇ ನಗರ. ಉಳಿದ 5,000 ಎಕರೆಯು ಬೇಸಾಯಕ್ಕೆ ಮೀಸಲು. ಲೋಕವೆಲ್ಲ ಕೊಂಡಾಡಿದ ಆ ಯೋಜನೆಗೆ 16 ವರ್ಷ ಮೊದಲೇ, ನಡುವೆ ವಾಸ ಮತ್ತು ಸುತ್ತ ಬೇಸಾಯ ಎಂಬ ವಿಂಗಡಣೆಯ ಸಣ್ಣ ಊರೊಂದು ಕಾಡುಗೋಡಿಯ ಸಮೀಪದಲ್ಲಿ ನೆಲೆಗೊಂಡಿತ್ತು. ಹಳೆಯ ನಮ್ಮ ಹಳ್ಳಿಗಳೂ ಈ ಹೊಸ ನೆಲೆಯೂ ಒಂದು ವಿಷಯದಲ್ಲಿ ಸಮಾನವಾಗಿದ್ದವು. ಮನೆಗಳು ಎಲ್ಲಿ ನಿಲ್ಲತಕ್ಕದ್ದು ಎಂಬುದು ಮೊದಲೇ ಗೊತ್ತಾಗಿದ್ದುದರಿಂದ, ಎಲ್ಲಿ ನಿಲ್ಲಕೂಡದು ಎಂಬುದೂ ಗೊತ್ತಾಗಿತ್ತು.

ಯೋಜನೆ ತಪ್ಪಿದ ಬಗೆ

ನೂರು ವರ್ಷಕ್ಕೂ ಮೀರಿ ವೈಟ್‌ಫೀಲ್ಡ್ ಸಣ್ಣ ಊರಾಗಿಯೇ ಇತ್ತು. 1990ರ ದಶಕದಲ್ಲಿ ಪಟ್ಟಂದೂರು ಅಗ್ರಹಾರದ ನೆಲದಲ್ಲಿ ಅಂತರರಾಷ್ಟ್ರೀಯ ತಾಂತ್ರಿಕ ಉದ್ಯಾನವು ಎದ್ದ ಮೇಲೆ ಸ್ಥಿತಿಯು ಬದಲಾಯಿತು. ಗಣಕಯಂತ್ರದ ಉದ್ಯೋಗಕ್ಕಾಗಿ ಬಂದವರಿಗೆ ವಾಸಸ್ಥಾನ ಬೇಕಾಯಿತು. ನಲ್ಲೂರಹಳ್ಳಿ, ಹಗದೂರು, ಇಮ್ಮಡಿಹಳ್ಳಿ, ಕುಂದಲಹಳ್ಳಿ, ಚನ್ನಸಂದ್ರ, ವರ್ತೂರು ಮುಂತಾದ ಗ್ರಾಮಗಳ ಹೊಲತೋಟಗಳು ಬಡಾವಣೆಗಳಾದವು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಕಾಡುಗೋಡಿಯವರೆಗೆ ಬಂದಿತು. ಜನರಿಗೆ ಉದ್ಯೋಗವೂ ಜಮೀನಿನವರಿಗೆ ಹಣವೂ ಬಂದುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮನೆಗಳು ಹೆಚ್ಚಿದುದು ದೋಷವಲ್ಲ. ಹೆಚ್ಚಿದ ಕ್ರಮದಲ್ಲಿಯೇ ದೋಷವಿತ್ತು.

ಆ ಕ್ರಮವು ಹೀಗಿತ್ತು. ಒಬ್ಬ ಖಾತೆದಾರನು ತನ್ನ ಸರ್ವೆ ನಂಬರನ್ನು ಮಾರಿದನು. ಕೊಂಡವನು ಆ ನಂಬರಿನ ಮಟ್ಟಿಗೆ ಭೂಪರಿವರ್ತನೆ ಮಾಡಿಸಿ ಆ ನಂಬರಿನ ಮಟ್ಟಿಗೆ ನಕಾಶೆ ಬರೆಸಿದನು. ಪಕ್ಕದ ನಂಬರಿಗೆ ಬೇರೊಬ್ಬನು, ಬೇರೊಂದು ನಕಾಶೆ. ಪ್ರತಿಯೊಂದು ನಕಾಶೆಯೂ ತನ್ನೊಳಗೆ ಸರಿಯಾಗಿದ್ದಿರಬಹುದು. ಆದರೆ ಹತ್ತು ನಂಬರುಗಳನ್ನು ಹಾದು ಕೆರೆಗೆ ಹೋಗುವ ಕಾಲುವೆಯು ಒಂದು ನಂಬರಿನಲ್ಲಿ ಕಾಂಪೌಂಡು ಗೋಡೆಗೆ ಸಿಕ್ಕಿತು, ಇನ್ನೊಂದರಲ್ಲಿ ರಸ್ತೆಯ ಅಡಿಯಲ್ಲಿ ಮುಚ್ಚಿಹೋಯಿತು, ಮತ್ತೊಂದರಲ್ಲಿ ಕಿರಿದಾಯಿತು. ಬಂಡಿದಾರಿಯೇ ಬಡಾವಣೆಯ ರಸ್ತೆಯಾಯಿತು. ಎರಡು ಗಾಡಿ ಎದುರುಬದರಾಗದ ದಾರಿಯಲ್ಲಿ ಸಾವಿರಾರು ಮೋಟಾರುಗಳು ಸಂಚರಿಸಬೇಕಾಯಿತು. ಇಡೀ ಗ್ರಾಮದ ನಕಾಶೆಯನ್ನು ಮುಂದಿಟ್ಟುಕೊಂಡು ನೋಡತಕ್ಕವರು ಯಾರೂ ಇಲ್ಲದುದರಿಂದ, ಯಾರೂ ಬೇಕೆಂದು ಮಾಡದ ಹಾನಿಯು ಎಲ್ಲರಿಂದ ಸೇರಿ ಆಯಿತು.

ಪರಿಣಾಮಗಳು ಪ್ರಸಿದ್ಧವಾಗಿವೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು; ವರ್ತೂರು ಕೋಡಿಯ ನೊರೆಯು ರಸ್ತೆಯ ಮೇಲೆ ಹಾರಾಡಿತು. 2022ರ ಸೆಪ್ಟೆಂಬರಿನ ಮೊದಲ ವಾರದ ಮಳೆಗೆ ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರು ಕಡೆಯ ಬೆಲೆಬಾಳುವ ಬಡಾವಣೆಗಳು ಮುಳುಗಿದವು. ಉದ್ಯೋಗಸ್ಥರು ಕಚೇರಿಗೆ ಹೋಗುವುದಕ್ಕೆ ರೈತರ ಟ್ರಾಕ್ಟರುಗಳನ್ನು ಹತ್ತಬೇಕಾಯಿತು. ಇದಾಗಿ ಒಂದೂವರೆ ವರ್ಷಕ್ಕೆ, 2024ರ ಫೆಬ್ರವರಿ ಮಾರ್ಚಿಯಲ್ಲಿ, ಇದೇ ಪೂರ್ವಭಾಗದಲ್ಲಿ ಕೊಳವೆ ಬಾವಿಗಳು ಬತ್ತಿ ನೀರಿನ ಟ್ಯಾಂಕರುಗಳಿಗೆ ಸರ್ಕಾರವು ದರ ನಿಗದಿ ಮಾಡಬೇಕಾಯಿತು. ಮಳೆ ಬಂದಾಗ ಮುಳುಗುವ ನೆಲವೇ ಮಳೆ ನಿಂತಾಗ ಬಾಯಾರುವುದೆಂಬುದು ಸಾಮಾನ್ಯ ರೈತನಿಗೆ ವಿಚಿತ್ರವಾಗಿ ತೋರಬಹುದು. ಆದರೆ ಎರಡಕ್ಕೂ ಮೂಲವು ಒಂದೇ. ನೀರು ನಿಲ್ಲುವ ಸ್ಥಳವನ್ನೂ ಹರಿಯುವ ದಾರಿಯನ್ನೂ ನಾವು ಕಟ್ಟಡಗಳಿಗೆ ಕೊಟ್ಟೆವು.

ಉಳಿದೆರಡು ಕೈಗಾರಿಕಾ ಸೀಮೆಗಳ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳಬಹುದು. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ನೆಲದಲ್ಲಿ 1970ರ ದಶಕದ ಕೊನೆಗೆ 332 ಎಕರೆಯಲ್ಲಿ ಆರಂಭವಾದ ಎಲೆಕ್ಟ್ರಾನಿಕ್ಸ್ ಸಿಟಿಯು ಒಳಗೆ ಅಚ್ಚುಕಟ್ಟಾದ ರಸ್ತೆಗಳಿಂದ ಕೂಡಿದ್ದರೂ, ಅದರ ಕೆಲಸಗಾರರು ಎಲ್ಲಿ ವಾಸಿಸತಕ್ಕದ್ದೆಂಬ ಪ್ರಶ್ನೆಯನ್ನು ಸುತ್ತಣ ಹಳ್ಳಿಗಳೇ ಹೊರಬೇಕಾಯಿತು. ಪೀಣ್ಯದಲ್ಲಿ ಲೋಹಲೇಪನದ ಕೆಲಸಗಳಿಂದ ಹೊರಟ ಕ್ರೋಮಿಯಮ್ ಅಂತರ್ಜಲದಲ್ಲಿ ಸೇರಿಕೊಂಡಿರುವುದು ಪರೀಕ್ಷೆಗಳಿಂದ ತಿಳಿದಿದೆ. ಬಾವಿಯ ನೀರು ಒಮ್ಮೆ ಹೀಗೆ ಕೆಟ್ಟರೆ ಅದನ್ನು ಶುದ್ಧಮಾಡುವುದು ಅತಿ ದುಸ್ಸಾಧ್ಯವು.

ಹತ್ತು ಎಕರೆಯ ಲೆಕ್ಕ

ಮಾತಿಗಿಂತ ಲೆಕ್ಕವು ವಿಷಯವನ್ನು ಸ್ಪಷ್ಟಪಡಿಸುವುದು. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ ಸುಮಾರು 40,000 ಲೀಟರು ನೀರು. ಈ ಸೀಮೆಯ ವಾರ್ಷಿಕ ಮಳೆಯನ್ನು ಸುಮಾರು 90 ಸೆಂಟಿಮೀಟರೆಂದು ಹಿಡಿದರೆ, 10 ಎಕರೆಯ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 3 ಕೋಟಿ 64 ಲಕ್ಷ ಲೀಟರು.

ಈ 10 ಎಕರೆಯಲ್ಲಿ ರಸ್ತೆ, ಉದ್ಯಾನ ಮುಂತಾದವುಗಳಿಗೆ ಬಿಟ್ಟು, ಐದೂವರೆ ಎಕರೆಯನ್ನು 30 ಅಡಿ ಉದ್ದ 40 ಅಡಿ ಅಗಲದ ನಿವೇಶನಗಳಾಗಿ ವಿಂಗಡಿಸಿದರೆ ಸುಮಾರು 200 ನಿವೇಶನಗಳಾಗುವುವು. ನಿವೇಶನಕ್ಕೆ ಒಂದೇ ಮನೆ, ಮನೆಗೆ ನಾಲ್ಕೇ ಜನ ಎಂದು ಹಿಡಿಯೋಣ. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ 800 ಜನಕ್ಕೆ ದಿನಕ್ಕೆ 1,08,000 ಲೀಟರು. ವರ್ಷಕ್ಕೆ ಸುಮಾರು 3 ಕೋಟಿ 94 ಲಕ್ಷ ಲೀಟರು ಬೇಕು. ಅಂದರೆ ಆ ನೆಲದ ಮೇಲೆ ಬಿದ್ದ ಮಳೆಯ ಒಂದು ಹನಿಯನ್ನೂ ಬಿಡದೆ ಹಿಡಿದರೂ ಆ ಬಡಾವಣೆಗೆ ಸಾಲದು. ಮನೆಯ ಮೇಲೆ ಮನೆ ಎದ್ದರೆ ಈ ಕೊರತೆಯು ಮತ್ತಷ್ಟು ಹೆಚ್ಚುವುದು. ಹಿಂದೆ ಇದೇ ಹತ್ತು ಎಕರೆಯು ಬಿದ್ದ ಮಳೆಯಿಂದಲೇ ರಾಗಿ, ಅವರೆ, ಹುರುಳಿಯನ್ನು ಕೊಟ್ಟು, ಉಳಿದ ನೀರನ್ನು ಕೆರೆಗೂ ಭೂಗರ್ಭಕ್ಕೂ ಕಳುಹಿಸುತ್ತಿತ್ತು. ಇನ್ನು ಮುಂದೆ ಅದು ಪಕ್ಕದ ನೆಲದ ನೀರನ್ನು ಬೇಡುವ ನೆಲವಾಯಿತು.

ಮತ್ತೊಂದು ಲೆಕ್ಕ. ಒಂದು ಗಂಟೆಯಲ್ಲಿ 5 ಸೆಂಟಿಮೀಟರು ಮಳೆ ಸುರಿದರೆ ಈ 10 ಎಕರೆಯ ಮೇಲೆ 20 ಲಕ್ಷ ಲೀಟರು ನೀರು ಬೀಳುವುದು. ಉತ್ತ ಹೊಲವು ಅದರಲ್ಲಿ ಒಂದು ಭಾಗವನ್ನು ಹೀರುವುದು, ಬದುವು ಒಂದು ಭಾಗವನ್ನು ತಡೆಯುವುದು. ಛಾವಣಿ ಮತ್ತು ಸಿಮೆಂಟು ರಸ್ತೆಯು ಬಹುಪಾಲನ್ನು ಕೂಡಲೆ ಹೊರಕ್ಕೆ ಬಿಡುವುವು. 6,000 ಲೀಟರು ಹಿಡಿಯುವ ಟ್ಯಾಂಕರಿನ ಲೆಕ್ಕದಲ್ಲಿ ಇದು ಸುಮಾರು 335 ಟ್ಯಾಂಕರು ನೀರು. ಒಂದು ಗಂಟೆಯಲ್ಲಿ ಇಷ್ಟನ್ನು ಕೆಳಗಿನ ಊರಿನ ಮೇಲೆ ನೂಕಿದ ಬಡಾವಣೆಯೇ ಬೇಸಿಗೆಯಲ್ಲಿ ದಿನಕ್ಕೆ 18 ಟ್ಯಾಂಕರು ನೀರನ್ನು ಹಣಕೊಟ್ಟು ತರಿಸಬೇಕಾಗುವುದು.

ಊರು ಹಾಕಿಕೊಳ್ಳತಕ್ಕ ಗುರಿಗಳು

ಮೇಲಣ ವಿಚಾರದಿಂದ ಹೊರಡುವ ಮುಖ್ಯ ತತ್ತ್ವವು ಇಷ್ಟೇ: ಎಲ್ಲಿ ಕಟ್ಟಬೇಕೆಂಬುದಕ್ಕಿಂತ ಮೊದಲು ಎಲ್ಲಿ ಕಟ್ಟಬಾರದೆಂಬುದನ್ನು ಗೊತ್ತುಮಾಡತಕ್ಕದ್ದು. ಇದನ್ನು ಅನುಸರಿಸಿ ಗುರಿಗಳನ್ನು ಕ್ರಮವಾಗಿ ಹೇಳುವೆವು.

1. ನೀರಿನ ದಾರಿ. ಕೆರೆಯ ಅಂಗಳ, ಏರಿ, ತೂಬು, ಕೋಡಿ, ರಾಜಕಾಲುವೆ, ಅದಕ್ಕೆ ಸೇರುವ ಸಣ್ಣ ಹಳ್ಳಗಳು, ಇವನ್ನು ಮೊಟ್ಟಮೊದಲು ಗುರ್ತಿಸಬೇಕು. ಬೆಂಗಳೂರಿನ ಮಟ್ಟಿಗೆ 2007ರ ಪರಿಷ್ಕೃತ ಮಹಾಯೋಜನೆಯು ಕೆರೆಯಂಚಿಗೆ 30 ಮೀಟರು, ಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25 ಮತ್ತು 15 ಮೀಟರು ಅಂತರವನ್ನು ವಿಧಿಸಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು; 2019ರ ಮಾರ್ಚಿ 5ರಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಪಡಿಸಿತು. ಕಾನೂನಿನ ಅಳತೆಯು ಹೀಗೆ ಕಾಲಕಾಲಕ್ಕೆ ಬದಲಾಗಬಹುದು. ಪ್ರವಾಹದ ಅಳತೆಯು ಆಜ್ಞೆಯನ್ನು ಕಾಯುವುದಿಲ್ಲ. ಜಾರಿಯಲ್ಲಿರುವ ಅಂತರವನ್ನು ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸಿ, ಅದನ್ನು ಕನಿಷ್ಠವೆಂದು ತಿಳಿದು, ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಊರಿನ ಹಿರಿಯರಿಂದ ತಿಳಿದು ಎಲ್ಲೆಯನ್ನು ಗೊತ್ತುಮಾಡುವುದು ಲೇಸು.

2. ಒಳ್ಳೆಯ ಮಣ್ಣು. ಕೆರೆಯ ಕೆಳಗಿನ ಅಚ್ಚುಕಟ್ಟಿನ ಗದ್ದೆ ಮತ್ತು ಬಾಗಾಯತು ನೆಲವು ಬಹುಕಾಲ ಗೋಡು ಸೇರಿ ಸಿದ್ಧವಾದದ್ದು. ಇದು ತಗ್ಗಾದುದರಿಂದ ಮನೆಗೆ ಒಗ್ಗದು. ತೇವ ಹಿಡಿಯುವುದರಿಂದ ಬೆಳೆಗೆ ಉತ್ತಮ. ಮನೆ ಕಟ್ಟುವವನಿಗೂ ಬೆಳೆಯುವವನಿಗೂ ಇಲ್ಲಿ ಹಿತವು ಒಂದೇ ಆಗಿದೆ. ನಗರದ ಸಮೀಪದಲ್ಲಿ ಸೊಪ್ಪು, ತರಕಾರಿ, ಹೂವು, ದ್ರಾಕ್ಷಿ, ಹಾಲು ಇವಕ್ಕೆ ಮಾರುಕಟ್ಟೆಯು ಬಾಗಿಲಲ್ಲಿಯೇ ಇರುವುದರಿಂದ, ಇಂಥ ನೆಲವನ್ನು ಬೇಸಾಯಕ್ಕೆ ಉಳಿಸಿಕೊಂಡವನಿಗೆ ವರಮಾನವೂ ಇರುವುದು.

3. ಊರೊಟ್ಟಿನ ನೆಲ. ಗೋಮಾಳ, ಗುಂಡುತೋಪು, ಸ್ಮಶಾನ, ಕಣ, ಬಂಡಿದಾರಿ ಇವು ಯಾರೊಬ್ಬರ ಸ್ವತ್ತೂ ಅಲ್ಲ. ಭೂಕಂದಾಯ ನಿಯಮಗಳ ಪ್ರಕಾರ 100 ದನಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ, ಗೋಮಾಳವನ್ನು ಮೀಸಲಿಡತಕ್ಕದ್ದು. ದನಗಳ ಸಂಖ್ಯೆ ಇಳಿದರೆ ಗೋಮಾಳವು ಬೇಡವಾಯಿತೆಂದು ತಿಳಿಯಬಾರದು. ಮುಂದೆ ಬರುವ ಶಾಲೆ, ಆಸ್ಪತ್ರೆ, ಆಟದ ಬಯಲು, ಕೊಳಚೆ ನೀರಿನ ಶುದ್ಧಿಸ್ಥಾನ, ಇವಕ್ಕೆ ಊರು ನೆಲವನ್ನು ಹುಡುಕುವಾಗ ಒಂದು ಗುಂಟೆಯನ್ನೂ ಕೊಳ್ಳುವ ಶಕ್ತಿ ಪಂಚಾಯಿತಿಗೆ ಇರಲಾರದು.

4. ವಾಸಸ್ಥಾನ. ಮನೆಗಳಿಗೆ ಗ್ರಾಮಠಾಣಕ್ಕೆ ಹೊಂದಿದಂತೆ, ಎತ್ತರವಾದ, ಗಟ್ಟಿಯಾದ, ಬೆಳೆಗೆ ಅಷ್ಟು ಒಳ್ಳೆಯದಲ್ಲದ ಖುಷ್ಕಿ ನೆಲವನ್ನು ಆರಿಸಬೇಕು. ಊರು ಒಂದೇ ಕಡೆ ಒತ್ತಾಗಿ ಬೆಳೆದರೆ ರಸ್ತೆ, ದೀಪ, ನೀರಿನ ಕೊಳಾಯಿ ಎಲ್ಲಕ್ಕೂ ಖರ್ಚು ಕಡಮೆ. ಇಲ್ಲೊಂದು ಅಲ್ಲೊಂದು ಬಡಾವಣೆ ಹರಡಿದರೆ ನಡುವಿನ ಹೊಲಗಳಿಗೆ ನೀರು, ದಾರಿ, ಕಾವಲು ಎಲ್ಲವೂ ಕೆಟ್ಟು, ಒಪ್ಪದ ರೈತನೂ ಮಾರಲೇಬೇಕಾಗುವುದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆಯು ಅದರ ಬಡಾವಣೆಗಳಲ್ಲಿ ನೂರಕ್ಕೆ 15 ಭಾಗವನ್ನು ಉದ್ಯಾನ ಮತ್ತು ಆಟದ ಬಯಲಿಗೂ, ಇನ್ನು 10 ಭಾಗವನ್ನು ನಾಗರಿಕ ಸೌಕರ್ಯಗಳಿಗೂ ಕಡಮೆಯಿಲ್ಲದಂತೆ ಬಿಡಬೇಕೆಂದು ಹೇಳಿದೆ. ಸಣ್ಣ ಊರೂ ಇದಕ್ಕಿಂತ ಕಡಮೆಗೆ ಒಪ್ಪುವುದು ಉಚಿತವಲ್ಲ.

5. ಬಳಸಿದ ನೀರು. ಮೇಲೆ ಹೇಳಿದ 200 ಮನೆಗಳಿಂದ, ನೂರಕ್ಕೆ 80ರ ಲೆಕ್ಕದಲ್ಲಿ, ದಿನಕ್ಕೆ 86,000 ಲೀಟರು ಕೊಳಚೆ ಹೊರಡುವುದು. ಇದಕ್ಕೆ ಸ್ಥಳವನ್ನು ಮೊದಲೇ ಗೊತ್ತುಮಾಡದಿದ್ದರೆ ಅದು ತನ್ನ ಸ್ಥಳವನ್ನು ತಾನೇ, ಅಂದರೆ ಕೆರೆಯನ್ನು, ಹುಡುಕಿಕೊಳ್ಳುವುದು. ಯಥಾವಿಧಿಯಾಗಿ ಶುದ್ಧಮಾಡಿದರೆ ಅದೇ ನೀರು, ದಿನಕ್ಕೆ ಅರ್ಧ ಸೆಂಟಿಮೀಟರು ಬೇಡುವ ಬೆಳೆಯ ಸುಮಾರು 4 ಎಕರೆಗೆ ಸಾಲುವುದು. ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧಮಾಡಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದು ವಾಚಕರಿಗೆ ಗೊತ್ತೇ ಇದೆ. ಶುದ್ಧಮಾಡದ ಕೊಳಚೆಯನ್ನು ಸೊಪ್ಪು ತರಕಾರಿಗೆ ಮಾತ್ರ ಹಾಯಿಸಕೂಡದು.

6. ಕೆಲಸಕಾರ್ಖಾನೆ ಮತ್ತು ಗೋದಾಮು. ಇವನ್ನು ದೊಡ್ಡ ರಸ್ತೆಯ ಬದಿಯಲ್ಲಿ, ಕೆರೆಯ ಜಲಾನಯನದಿಂದ ಹೊರಗೆ, ವಾಸದ ಮನೆಗಳಿಂದ ದೂರದಲ್ಲಿ ಇರಿಸಬೇಕು. ಬಣ್ಣ, ಆಮ್ಲ, ಲೋಹಲೇಪನ ಇವುಗಳ ಕೆಲಸವು ಕುಡಿಯುವ ನೀರಿನ ಬಾವಿಯ ಮೇಲ್ಭಾಗದಲ್ಲಿ ಸರ್ವಥಾ ಕೂಡದು. ಪೀಣ್ಯದ ಅನುಭವವು ಇದಕ್ಕೆ ಸಾಕಾದ ಎಚ್ಚರಿಕೆ.

7. ದಾರಿ. ಮುಂದಿನ 30 ವರ್ಷಕ್ಕೆ ಬೇಕಾದ ರಸ್ತೆಯ ಅಗಲವನ್ನು ಹೊಲಗಳಿರುವಾಗಲೇ ಗುರ್ತಿಸಬೇಕು. ಮನೆ ಎದ್ದ ಮೇಲೆ ರಸ್ತೆ ಅಗಲ ಮಾಡುವುದು ಊರಿಗೆ ಕಲಹವನ್ನೂ ಸರ್ಕಾರಕ್ಕೆ ವ್ಯಯವನ್ನೂ ತರುವುದು.

ನಕಾಶೆಯನ್ನು ತಯಾರಿಸುವ ಕ್ರಮ

ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ಮೊದಲು ಸರ್ವೆ ಇಲಾಖೆಯಿಂದ ಗ್ರಾಮನಕಾಶೆಯನ್ನು ಪಡೆಯಬೇಕು. ಅದರಲ್ಲಿ ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿಗಳು ಗೆರೆಗಳಿಂದ ತೋರಿಸಲ್ಪಟ್ಟಿರುವುವು. ಆಕಾರಬಂದು ಮತ್ತು ಪಹಣಿಯಿಂದ ಪ್ರತಿ ನಂಬರಿನ ಖರಾಬನ್ನು ತೆಗೆದುಕೊಳ್ಳಬೇಕು. ಬೇಸಾಯಕ್ಕೆ ಬಾರದುದು ‘ಎ’ ಖರಾಬು. ಕಾಲುವೆ, ದಾರಿ, ಸ್ಮಶಾನ ಮೊದಲಾದ ಸಾರ್ವಜನಿಕ ಉಪಯೋಗದ್ದು ‘ಬಿ’ ಖರಾಬು. ಎರಡನೆಯದನ್ನು ಮಾರುವ ಹಕ್ಕು ಯಾವ ಹಿಡುವಳಿದಾರನಿಗೂ ಇಲ್ಲವೆಂಬುದನ್ನು ಎಲ್ಲರೂ ನೆನಪಿಡತಕ್ಕದ್ದು.

ಬಳಿಕ ದೊಡ್ಡ ಮಳೆ ಬಂದ ದಿನವೇ, ನಕಾಶೆಯನ್ನು ಹಿಡಿದು, ಹಿರಿಯ ರೈತರೊಡನೆಯೂ, ಇದ್ದರೆ ನೀರುಗಂಟಿಯೊಡನೆಯೂ ಕಾಲುವೆಯ ಉದ್ದಕ್ಕೂ ನಡೆಯಬೇಕು. ಕಾಗದದ ಗೆರೆಗೂ ನೀರಿನ ಗೆರೆಗೂ ವ್ಯತ್ಯಾಸವಿದ್ದ ಕಡೆಯಲ್ಲೆಲ್ಲ ಗುರುತು ಮಾಡಬೇಕು. ಹದ್ದುಬಸ್ತು ಮಾಡಿಸಿ ಬಾಂದುಕಲ್ಲುಗಳನ್ನು ನೆಡಿಸಬೇಕು. ನೀರಿಗೆ ನೀಲಿ, ಬೇಸಾಯಕ್ಕೆ ಹಸಿರು, ಊರೊಟ್ಟಿಗೆ ಹಳದಿ, ವಾಸಕ್ಕೆ ಕೆಂಪು ಎಂದು ಬಣ್ಣ ತುಂಬಿದ ನಕಾಶೆಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಬೇಕು.

ಆಮೇಲೆ ಗ್ರಾಮಸಭೆಯಲ್ಲಿ ಇದನ್ನು ಓದಿ, ಚರ್ಚಿಸಿ, ನಡವಳಿ ಪುಸ್ತಕದಲ್ಲಿ ಬರೆಯಿಸಬೇಕು. ಪಟೇಲ ಶಾನುಭೋಗರ ಹುದ್ದೆಗಳು 1961ರ ಕಾಯಿದೆಯಿಂದ ರದ್ದಾದ ಮೇಲೆ ಊರಿನ ನೆಲದ ಮೇಲ್ವಿಚಾರಣೆಯಲ್ಲಿ ಗ್ರಾಮಸ್ಥರ ಧ್ವನಿಗೆ ಇರುವ ಸ್ಥಾನವು ಇದೇ. ಈ ನಿರ್ಣಯವು ಮಹಾಯೋಜನೆಗೆ ಬದಲಾಗಲಾರದು, ನಿಜ. ಆದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಪ್ರಾಧಿಕಾರವು ಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಸಲಹೆಗಳನ್ನು ಕೇಳುವಾಗ, ಬಾಯಿಮಾತಿನ ಅಹವಾಲಿಗಿಂತ ಸರ್ವೆ ನಂಬರುಸಹಿತವಾದ ನಕಾಶೆಯೂ ಗ್ರಾಮಸಭೆಯ ನಿರ್ಣಯವೂ ಹೆಚ್ಚು ತೂಕವನ್ನು ಹೊಂದುವುವು. ಈ ಸಮಯವನ್ನು ತಪ್ಪಿಸಿಕೊಂಡ ಊರಿಗೆ ಇನ್ನೊಂದು ಸಮಯ ಬರುವುದಕ್ಕೆ ಬಹು ವರ್ಷಗಳಾಗುವುವು.

ಕೆಲವು ಆಕ್ಷೇಪಣೆಗಳು

“ಮೇಲಿನ ಖುಷ್ಕಿಯವನಿಗೆ ನಿವೇಶನದ ಬೆಲೆ, ಕಾಲುವೆಯ ಪಕ್ಕದವನಿಗೆ ಬರಿಯ ರಾಗಿಯ ಬೆಲೆ, ಇದು ಯಾವ ನ್ಯಾಯ?” ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಯೋಜನೆಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಇದಕ್ಕೆ ಒಂದು ಪರಿಹಾರವು ಕಾಯಿದೆಯಲ್ಲಿಯೇ ಇದೆ. ಹಲವು ಹಿಡುವಳಿದಾರರು ತಮ್ಮ ನೆಲವನ್ನು ಒಟ್ಟುಗೂಡಿಸಿ, ಕಾಲುವೆ, ರಸ್ತೆ, ಉದ್ಯಾನಗಳನ್ನು ಮೊದಲು ತೆಗೆದು, ಉಳಿದ ನಿವೇಶನಗಳನ್ನು ಅವರವರ ವಿಸ್ತೀರ್ಣಕ್ಕನುಸಾರವಾಗಿ ಹಂಚಿಕೊಳ್ಳುವ ನಗರ ಯೋಜನಾ ಸ್ಕೀಮು ಎಂಬ ಕ್ರಮವು ಅದು. ಗುಜರಾತಿನಲ್ಲಿ ಇದು ಬಹುವಾಗಿ ಬಳಕೆಯಲ್ಲಿದೆ. ಆಗ ನಷ್ಟವೂ ಲಾಭವೂ ಒಬ್ಬನ ತಲೆಗೆ ಬೀಳದೆ ಎಲ್ಲರಿಗೂ ಸಮನಾಗಿ ಹಂಚಿಹೋಗುವುದು. ನೆರೆಹೊರೆಯ ಐದಾರು ಖಾತೆದಾರರು ಬೇರೆಬೇರೆಯಾಗಿ ಮಾರುವುದಕ್ಕಿಂತ ಒಟ್ಟಾಗಿ ಒಂದೇ ನಕಾಶೆಗೆ ಒಪ್ಪಿಕೊಂಡರೂ ಅರ್ಧದಷ್ಟು ತೊಂದರೆ ತಪ್ಪುವುದು.

“ಎಲ್ಲರೂ ಮಾರುತ್ತಿರುವಾಗ ನಾವು ಹಿಡಿದುಕೊಂಡು ಮಾಡುವುದೇನು?” ಎಂಬುದು ಎರಡನೆಯ ಆಕ್ಷೇಪಣೆ. ಕೃಷಿಕರಲ್ಲದವರು ಬೇಸಾಯದ ಭೂಮಿಯನ್ನು ಕೊಳ್ಳುವುದಕ್ಕೆ ಅಡ್ಡಿಯಾಗಿದ್ದ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಂಗಳು 2020ರ ತಿದ್ದುಪಡಿಯಿಂದ ತೆಗೆಯಲ್ಪಟ್ಟ ಮೇಲೆ ಕೊಳ್ಳುವವರ ಸಂಖ್ಯೆ ಹೆಚ್ಚಿರುವುದು ನಿಜವೇ. ಆದರೆ ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ವೃತ್ತಾಂತವನ್ನೂ ನೆನೆಯಬೇಕು. ಅಲ್ಲಿನ 1,777 ಎಕರೆಯ ಸ್ವಾಧೀನದ ಪ್ರಸ್ತಾಪವನ್ನು, ರೈತರು ಮೂರು ವರ್ಷಕ್ಕೂ ಮೀರಿ ಬೇಸಾಯವೇ ಬೇಕೆಂದು ನಿಂತುದರಿಂದ, ಸರ್ಕಾರವು 2025ರ ಜುಲೈ 15ರಂದು ಕೈಬಿಟ್ಟಿತು. ಊರವರು ಏಕಮನಸ್ಕರಾಗಿದ್ದರೆ ನೆಲವು ಉಳಿಯುವುದೆಂಬುದಕ್ಕೆ ಇದು ಸಮೀಪದ ನಿದರ್ಶನ.

“ಬೆಲೆ ಇಳಿಯುವುದು” ಎಂಬುದು ಮೂರನೆಯದು. ನಿವೇಶನಕ್ಕೆ ಬೆಲೆ ಬರುವುದು ನೀರಿದ್ದರೆ, ದಾರಿಯಿದ್ದರೆ, ಮಳೆಗಾಲದಲ್ಲಿ ಮನೆಯೊಳಗೆ ಕೊಳಚೆ ನುಗ್ಗದಿದ್ದರೆ. 2022ರಲ್ಲಿ ಮುಳುಗಿದ ಮನೆಗಳು ಕಡಮೆ ಬೆಲೆಯವಾಗಿರಲಿಲ್ಲ. ಕೆರೆಯನ್ನು ಮುಚ್ಚಿ ನಾಲ್ಕು ನಿವೇಶನಗಳನ್ನು ಹೆಚ್ಚಿಸಿಕೊಂಡ ಊರು, ನಾನೂರು ನಿವೇಶನಗಳ ನೀರನ್ನು ಕಳೆದುಕೊಳ್ಳುವುದು.

ಉಪಸಂಹಾರ

ವೈಟ್‌ಫೀಲ್ಡಿನ ಗುಂಡಗಿನ ಮೈದಾನವು ಇಂದಿಗೂ ಇದೆ. ಅದರ ಸುತ್ತ ಬಳಸಿದ ರಸ್ತೆಯೂ ಇದೆ. 1882ರಲ್ಲಿ ಯಾರೋ ಕೆಲವರು ಇಲ್ಲಿ ಮನೆ ಕಟ್ಟತಕ್ಕದ್ದಲ್ಲವೆಂದು ಕಾಗದದ ಮೇಲೆ ಗೆರೆ ಎಳೆದುದರಿಂದ ಅದು ಉಳಿಯಿತು. ಸುತ್ತಲಿನ ಹೊಲಗಳಿಗೂ ಕಾಲುವೆಗಳಿಗೂ ಮುಂದಿನ ತಲೆಮಾರಿನವರು ಅಂಥ ಗೆರೆಯನ್ನು ಎಳೆಯಲಿಲ್ಲ, ಅವು ಉಳಿಯಲಿಲ್ಲ. ನಗರವು ಇನ್ನೂ ಮುಟ್ಟದಿರುವ, ಅಥವಾ ಈಗ ತಾನೇ ಮುಟ್ಟುತ್ತಿರುವ ಗ್ರಾಮಗಳ ಕೈಯಲ್ಲಿ ಆ ಕಾಗದವು ಇನ್ನೂ ಬಿಳಿದಾಗಿದೆ.

ಮುಖಂಡರು ಈ ಮಳೆಗಾಲದಲ್ಲಿಯೇ ಗ್ರಾಮನಕಾಶೆಯನ್ನು ತರಿಸಿ ಕೆಲಸವನ್ನು ಆರಂಭಿಸುವುದು ಉತ್ತಮ. ಮಣ್ಣಿನ ಗುಣವನ್ನು ತಿಳಿಯುವುದಕ್ಕೂ, ಯಾವ ನೆಲವನ್ನು ಬೇಸಾಯಕ್ಕೆ ಉಳಿಸಿಕೊಂಡರೆ ಲಾಭವೆಂಬುದನ್ನು ವಿಚಾರಿಸುವುದಕ್ಕೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಉಳಿದುದು ಊರಿನವರ ಒಮ್ಮತಕ್ಕೆ ಸೇರಿದ್ದು.